ಬಾಟಲಿಯ ಗ್ಯಾಸಿಗಿಂತ ಮೊದಲು



ವಿಜ್ಞಾನ ಮೇಳ ಹತ್ತಿರ ಬಂತೆಂದರೆ ನಮ್ಮ ಶಾಲೆಗಳಲ್ಲಿ ಹಳೆಯ ಕಪಾಟೊಂದು ಹೊರಗೆ ಬರುತ್ತದೆ. ಒಳಗೆ ಎಲ್‌ಇಡಿ ಬಲ್ಬು, ನಾಲ್ಕು ಚಟ್ಟಿ ಗಿಡ, ಮೂಲೆಯಲ್ಲಿ ಸಕ್ಕರೆ ನೀರು ಮತ್ತು ಯೀಸ್ಟ್ ಹಾಕಿದ ಬಾಟಲಿ. 'ಕಾರ್ಬನ್ ಡೈ ಆಕ್ಸೈಡ್ ಹೆಚ್ಚು ಕೊಟ್ಟರೆ ಗಿಡ ಬೇಗ ಬೆಳೆಯುತ್ತದೆ' ಎಂದು ಒಂದು ಚಾರ್ಟು. ನೀವೂ ಮಾಡಿಸಿರಬಹುದು, ನಾನೂ ಮಾಡಿಸಿದ್ದೇನೆ.

ಕಳೆದ ವರ್ಷ ಏಳನೆಯ ತರಗತಿಯ ಹುಡುಗಿಯೊಬ್ಬಳು ಎರಡು ಕಪಾಟುಗಳಲ್ಲಿ ಹರಿವೆ ಬೆಳೆಸಿದಳು. ಒಂದಕ್ಕೆ ಮಾತ್ರ ಗ್ಯಾಸ್. ಮೂರು ವಾರ ಅಳೆದು ಬಂದು, "ಎರಡೂ ಒಂದೇ ಲೆಕ್ಕ ಟೀಚರ್" ಎಂದಳು. ಮೇಳಕ್ಕೆ ಎರಡೇ ದಿನ. "ಸ್ವಲ್ಪ ಹೆಚ್ಚು ಅಂತ ಬರಿ ಮಗಾ" ಎಂದುಬಿಟ್ಟೆ. ಅವಳು ಬರೆದಳು, ಬಹುಮಾನವೂ ಬಂತು. ಅದು ಈಗಲೂ ನನ್ನನ್ನು ಚುಚ್ಚುತ್ತದೆ. ಯಾಕೆಂದರೆ ಅವಳು ಮೊದಲು ಹೇಳಿದ್ದೇ ಸರಿ.

ಹರಿವೆ, ಮುಸುಕಿನ ಜೋಳ, ಕಬ್ಬು ಇವೆಲ್ಲ ಸಿ4 ಸಸ್ಯಗಳು. ಎಲೆಯೊಳಗೇ ಕಾರ್ಬನ್ ಡೈ ಆಕ್ಸೈಡನ್ನು ಒಟ್ಟುಮಾಡಿಕೊಳ್ಳುವ ವ್ಯವಸ್ಥೆ ಅವಕ್ಕಿದೆ. ಹೊರಗಿನಿಂದ ಹೆಚ್ಚು ಕೊಟ್ಟರೂ ದೊಡ್ಡ ಲಾಭವಿಲ್ಲ. ಅಲಸಂಡೆ, ಟೊಮೆಟೊ, ಭತ್ತ ಸಿ3 ಸಸ್ಯಗಳು, ಇವಕ್ಕೆ ಲಾಭ ಉಂಟು. ಆದರೆ ಬೆಳಕು ಸಾಕಷ್ಟಿದ್ದರೆ ಮಾತ್ರ. ಯಾವುದು ಕಡಿಮೆ ಇದೆಯೋ ಅದೇ ಬೆಳವಣಿಗೆಯನ್ನು ಹಿಡಿದಿಡುತ್ತದೆ ಎಂದು ಬ್ಲ್ಯಾಕ್‌ಮನ್ 1905ರಲ್ಲೇ ಹೇಳಿದ್ದಾರೆ. ಒಂದು ಸಣ್ಣ ಬಲ್ಬಿನ ಕೆಳಗೆ ಕೊರತೆ ಇರುವುದು ಬೆಳಕಿಗೆ, ಗ್ಯಾಸಿಗಲ್ಲ.

ಇನ್ನು ಲೆಕ್ಕ ನೋಡಿ. 60 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 100 ಸೆಂ.ಮೀ. ಎತ್ತರದ ಕಪಾಟಿನಲ್ಲಿ 360 ಲೀಟರ್ ಗಾಳಿ. ಅದರಲ್ಲಿ ಕಾರ್ಬನ್ ಡೈ ಆಕ್ಸೈಡ್ ಸುಮಾರು 420 ಪಿಪಿಎಂ, ಅಂದರೆ 0.15 ಲೀಟರ್ ಮಾತ್ರ. ಪೂರ್ತಿ ಮುಚ್ಚಿಟ್ಟರೆ ಗಿಡ ಇದನ್ನು ಬೇಗ ಮುಗಿಸುತ್ತದೆ. ಆಗ ಬೇಕಾದದ್ದು ಬಾಟಲಿಯಲ್ಲ, ಬಾಗಿಲು ತೆರೆಯುವುದು. ಅದನ್ನು 1,000 ಪಿಪಿಎಂಗೆ ಏರಿಸಲು ಮುಕ್ಕಾಲು ಗ್ರಾಂ ಅಡುಗೆ ಸೋಡಾ ಮತ್ತು ಬೇಕಾದಷ್ಟು ವಿನೆಗರ್ ಸಾಕು. ಮಕ್ಕಳು ಹಾಕುವುದು ಒಂದು ಚಮಚ! 5 ಗ್ರಾಂ ಎಂದಿಟ್ಟುಕೊಂಡರೂ ಸುಮಾರು 4,000 ಪಿಪಿಎಂ ಸೇರುತ್ತದೆ. ಜತೆಗೆ ಗಾಳಿ ಹೊರಹಾಕುವ ಫ್ಯಾನ್ ಇಟ್ಟರೆ ಕೊಟ್ಟದ್ದೆಲ್ಲ ನಿಮಿಷಗಳಲ್ಲಿ ಹೊರಗೆ. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ, ರಸಾಯನಶಾಸ್ತ್ರ, ಗಣಿತ ಎರಡೂ ಬಂತು. ಒಂದು ಎಚ್ಚರಿಕೆ: ಯೀಸ್ಟ್ ಬಾಟಲಿಯ ಮುಚ್ಚಳ ಬಿಗಿ ಮಾಡಬೇಡಿ, ಒತ್ತಡಕ್ಕೆ ಒಡೆದೀತು. ಸಿಲಿಂಡರ್ ಅಂತೂ ತರಗತಿಗೆ ಬೇಡವೇ ಬೇಡ.

ಈ ವಿಷಯದ ಗಂಭೀರ ಕೆಲಸ ದೂರದಲ್ಲೆಲ್ಲೋ ನಡೆಯುವುದಲ್ಲ. ನಮ್ಮ ಕಾಸರಗೋಡಿನ ಸಿಪಿಸಿಆರ್‌ಐಯಲ್ಲಿ ಮೇಲ್ಭಾಗ ತೆರೆದ ಕೋಣೆಗಳಲ್ಲಿ ಹೆಚ್ಚಿನ ಕಾರ್ಬನ್ ಡೈ ಆಕ್ಸೈಡ್ ಕೊಟ್ಟು ತೆಂಗಿನ ಸಸಿಗಳನ್ನು ಅಭ್ಯಾಸ ಮಾಡಿದ್ದಾರೆ. ಅಲ್ಲಿಯೂ ಬೆಲೆ ಇರುವುದು ಅಳತೆಗೆ, ಚಾರ್ಟಿನ ಬಣ್ಣಕ್ಕಲ್ಲ.

ಹಾಗಾಗಿ ನನ್ನದೊಂದು ಮಾತು. ಮೇಳಗಳಲ್ಲಿ ಮಾದರಿಗಿಂತ ಮೊದಲು ಮಗುವಿನ ಅಳತೆ ಪುಸ್ತಕ ನೋಡೋಣ. 'ವ್ಯತ್ಯಾಸ ಕಾಣಲಿಲ್ಲ' ಎಂದು ಬರೆದವರಿಗೂ ಅಂಕ ಕೊಡೋಣ. ಈ ವರ್ಷ ಹರಿವೆ, ಅಲಸಂಡೆ ಎರಡನ್ನೂ ಒಟ್ಟಿಗೆ ಇಟ್ಟು, ಒಳ್ಳೆ ಬೆಳಕು ಕೊಟ್ಟು ನೋಡಿ. ಏನು ಬರುತ್ತದೋ ಅದನ್ನೇ ಬರೆಯಲಿ.

ನಾನು ಆ ಹುಡುಗಿಯನ್ನು ಕರೆದು, "ನೀನು ಹೇಳಿದ್ದೇ ಸರಿ ಇತ್ತು ಮಗಾ, ತಪ್ಪಿದ್ದು ನಾನು" ಎಂದು ಹೇಳಿದ್ದೇನೆ. ಹೇಳಲು ಒಂದು ವರ್ಷ ತಡವಾಯಿತು.