‘ಮಿನಿ ಇಂಗ್ಲೆಂಡ್’ ಸಾಕು
ನಾನು ಕೆಜಿಎಫ್‌ನ ಗಣಿ ಲೈನಿನ ಮನೆಯವಳು. ಪಿಎಚ್‌ಡಿಗೆಂದು ಇಂಗ್ಲೆಂಡಿಗೆ ಬಂದ ಮೊದಲ ವಾರ ಸಾರಿಗೆ ಒಗ್ಗರಣೆ ಹಾಕಿದೆ. ಹೊಗೆಗೆ ಹಾಸ್ಟೆಲಿನ ಅಲಾರಂ ಹೊಡೆದುಕೊಂಡಿತು. ಎಲ್ಲರನ್ನೂ ಚಳಿಯಲ್ಲಿ ಹೊರಗೆ ನಿಲ್ಲಿಸಿ ತಲೆ ಎಣಿಸಿದರು. ನಾಚಿಕೆಯ ನಡುವೆಯೂ ಅಜ್ಜಿಯ ಮಾತು ನೆನಪಾಯಿತು: ಒಳಗೆ ಬಂಡೆ ಸಿಡಿದು ನೆಲ ಅದುರಿದರೆ ಲೈನಿನ ಹೆಂಗಸರು ಶಾಫ್ಟಿನ ಬಾಯಿಗೆ ಓಡುತ್ತಿದ್ದರಂತೆ, ಮೇಲೆ ಬಂದವರನ್ನು ಎಣಿಸಲು.

ಮುಂದಿನ ವಾರ ತರಗತಿಯಲ್ಲಿ ವಸಾಹತು ಗಣಿಗಳ ಪಾಠ. ಪರದೆಯ ಮೇಲೆ ನಮ್ಮೂರು: ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ‘ಮಿನಿ ಇಂಗ್ಲೆಂಡ್’ ಎಂದರು ಮೇಷ್ಟ್ರು. ಸಿಟ್ಟು ಬಂತು. ಆದರೆ ಆ ಹೆಸರನ್ನು ಇಂದಿಗೂ ಮೆರೆಸುತ್ತಿರುವವರು ನಾವೇ ಅಲ್ಲವೇ?

1902ರಲ್ಲಿ, ಬೆಂಗಳೂರಿಗಿಂತ ಮೊದಲೇ, ಶಿವನಸಮುದ್ರದ ಕರೆಂಟು ನಮಗೆ ಬಂತೆಂದು ಬೀಗುತ್ತೇವೆ. ಬಂದದ್ದು ಗಣಿಗಾಗಿ. ಆ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಕೂಲಿಗಳಲ್ಲಿ ಬಹುಪಾಲು ತಮಿಳು ಮನೆಮಾತಿನ ದಲಿತರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅವರ ಮಕ್ಕಳು ನಸುಕಿಗೇ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ.

ಇಂಗ್ಲೆಂಡನ್ನು ಈಗ ಕಂಡಿದ್ದೇನೆ. ಇಲ್ಲಿ ಒಗ್ಗರಣೆಯ ಹೊಗೆಗೂ ತಲೆ ಎಣಿಸುತ್ತಾರೆ. ನಮ್ಮೂರಿನ ಹೆಮ್ಮೆಯ ಲೆಕ್ಕದಲ್ಲಿ ಬಂಗಲೆಗಳಿವೆ, ಲೈನಿನ ತಲೆಗಳಿಲ್ಲ. ಮೊದಲು ಅವನ್ನು ಎಣಿಸೋಣ. ಊರಿಗೆ ಅಡ್ಡಹೆಸರು ಆಮೇಲೆ.