ಹಿಂಗಾಲಿಯ ಹಠ

ಆಗುಂಬೆಯ ಸೀಮೆಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಮನುಷ್ಯರಷ್ಟೇ ಅಲ್ಲ, ಅವರ ಯಂತ್ರಗಳೂ ಮುದುಡಿ ಕೂರುತ್ತವೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆ ನಾಡಿನಲ್ಲಿ, ನಾಲ್ಕು ದಿನ ಅಂಗಳದಲ್ಲಿ ನೆನೆದ ಕಾರನ್ನು ಐದನೆಯ ಬೆಳಿಗ್ಗೆ ಹೊರಡಿಸುವುದು ಒಂದು ಪರೀಕ್ಷೆಯೇ ಸರಿ. ಎಂಜಿನ್ನು ಸಲೀಸಾಗಿ ಏಳುತ್ತದೆ. ಗೇರು ಬೀಳುತ್ತದೆ. ಕ್ಲಚ್ಚು ಬಿಟ್ಟೊಡನೆ ಗಾಡಿಯ ಹಿಂಭಾಗ ಕುಕ್ಕರಿಸಿದಂತೆ ತಗ್ಗಿ, ಅಲ್ಲಿಯೇ ನಿಂತುಬಿಡುತ್ತದೆ. ಮಾಲೀಕನು ಆಕ್ಸಿಲರೇಟರನ್ನು ಇನ್ನಷ್ಟು ಒತ್ತುತ್ತಾನೆ. ಹಿಂದಿನಿಂದ 'ಟಪ್' ಎಂದು ಸದ್ದಾಗುತ್ತದೆ. ಗಾಡಿ ಮುಂದಕ್ಕೆ ನೆಗೆಯುತ್ತದೆ. "ಸದ್ಯ, ಬಿಟ್ಟಿತು!" ಎಂದು ಅವನು ನಿಟ್ಟುಸಿರು ಬಿಡುತ್ತಾನೆ.

ಹಿಡಿದಿದ್ದುದೇನು, ಬಿಟ್ಟದ್ದೇನು ಎಂಬುದನ್ನು ಮಾತ್ರ ಅವನು ವಿಚಾರಿಸುವುದಿಲ್ಲ. ವಿಚಾರಿಸಬೇಕು. ಏಕೆಂದರೆ ಅದೇ ಗಾಡಿ ಇನ್ನು ಸ್ವಲ್ಪ ಹೊತ್ತಿನಲ್ಲಿ 14 ಕಡಿದಾದ ತಿರುವುಗಳ ಘಾಟಿಯನ್ನಿಳಿದು ಸೋಮೇಶ್ವರವನ್ನು ಸೇರತಕ್ಕದ್ದು.

ಹಳೆಯ ಅಂಬಾಸಡರ್ ಗಾಡಿಗಳಿಗೆ ನಾಲ್ಕು ಗಾಲಿಗಳಲ್ಲಿಯೂ ಡ್ರಮ್ ಬ್ರೇಕೇ ಇತ್ತು. ಇಂದಿನ ಸಣ್ಣ ಕಾರುಗಳಲ್ಲಿ ಅನೇಕಕ್ಕೆ ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಡ್ರಮ್ಮೆಂದರೆ ಗಾಲಿಯೊಡನೆ ತಿರುಗುವ ಬೀಡುಕಬ್ಬಿಣದ ಒಂದು ಬೋಗುಣಿ. ಅದರೊಳಗೆ ಬಾಗಿದ ಎರಡು ಷೂಗಳು. ಅವುಗಳ ಬೆನ್ನಿಗೆ ಲೈನಿಂಗು. ಪೆಡಲನ್ನು ತುಳಿದಾಗ ವೀಲ್ ಸಿಲಿಂಡರಿನ ಪಿಸ್ಟನ್ನುಗಳು ಷೂಗಳನ್ನು ಅಗಲಿಸಿ ಬೋಗುಣಿಯ ಒಳಮೈಗೆ ಒತ್ತುತ್ತವೆ. ಕಾಲು ತೆಗೆದಾಗ ಸ್ಪ್ರಿಂಗುಗಳು ಅವನ್ನು ಹಿಂದಕ್ಕೆಳೆಯುತ್ತವೆ. ಹ್ಯಾಂಡ್ ಬ್ರೇಕು ಎಳೆದಾಗಲೂ ಇದೇ ಷೂಗಳು ಅಗಲುತ್ತವೆ. ಆದರೆ ಎಣ್ಣೆಯ ಒತ್ತಡದಿಂದಲ್ಲ, ಗಾಡಿಯ ಹೊಟ್ಟೆಯ ಕೆಳಗೆ ಹಾದು ಬರುವ ಉಕ್ಕಿನ ಕೇಬಲ್ಲಿನಿಂದ.

ಡಿಸ್ಕು ಬಯಲಿನಲ್ಲಿರುವುದರಿಂದ ಬೇಗ ಆರುತ್ತದೆ. ಡ್ರಮ್ಮಿನೊಳಗೆ ಹೊಕ್ಕ ತೇವ ಅಷ್ಟು ಸುಲಭವಾಗಿ ಹೊರಬರುವುದಿಲ್ಲ. ಬೋಗುಣಿಯ ಒಳಮೈಗೆ ಬಣ್ಣವಿಲ್ಲ, ಬಳಿಯುವಂತೆಯೂ ಇಲ್ಲ; ಒಂದು ರಾತ್ರಿಯಲ್ಲೇ ಅದರ ಮೇಲೆ ತುಕ್ಕಿನ ತೆಳುಪೊರೆ ಏಳುತ್ತದೆ. ಆ ರಾತ್ರಿ ಹ್ಯಾಂಡ್ ಬ್ರೇಕು ಎಳೆದಿದ್ದರೆ, ನೆನೆದ ಲೈನಿಂಗಿಗೂ ಕಬ್ಬಿಣಕ್ಕೂ ತುಕ್ಕೇ ಅಂಟಾಗುತ್ತದೆ. ಲಡಾಖಿನಂಥ ಪ್ರದೇಶದಲ್ಲಿ ಇದೇ ಕೆಲಸವನ್ನು ಮಂಜುಗಡ್ಡೆ ಮಾಡುತ್ತದೆ. ಮಲೆನಾಡಿನ ಚಳಿ ಅಷ್ಟರದ್ದಲ್ಲ. ಇಲ್ಲಿನ ವೈರಿ ತುಕ್ಕು.

ಆದುದರಿಂದಲೇ ಅನುಭವಿಯಾದ ಮೆಕ್ಯಾನಿಕನ ಮೊದಲ ಪ್ರಶ್ನೆ ಗಾಡಿಯನ್ನು ಕುರಿತದ್ದಾಗಿರುವುದಿಲ್ಲ.

"ಗೌಡರೇ, ಹ್ಯಾಂಡ್ ಬ್ರೇಕು ಎಳೆದು ನಿಲ್ಲಿಸಿದ್ದಿರೋ?"

"ಎಳೆಯದೆ ಬಿಡುವುದುಂಟೇನಯ್ಯ?"

"ಅಂಗಳ ಸಮತಟ್ಟಾಗಿದೆಯಲ್ಲ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟಿದ್ದರೆ ಸಾಕಾಗುತ್ತಿತ್ತು."

ಇಳಿಜಾರಿನಲ್ಲಾದರೆ ಈ ಮಾತು ನಡೆಯದು. ಅಲ್ಲಿ ಹ್ಯಾಂಡ್ ಬ್ರೇಕೂ ಬೇಕು, ಕಲ್ಲೂ ಬೇಕು.

ಅಂಟಿದ ಗಾಲಿಯನ್ನು ಬಿಡಿಸಲು ಎಂಜಿನ್ನಿನ ಬಲ ಪ್ರಯೋಗಿಸುವುದು ಅವಿವೇಕ. ಲೈನಿಂಗು ಷೂವಿನಿಂದ ಕಿತ್ತು ಡ್ರಮ್ಮಿಗೇ ಅಂಟಿಕೊಂಡುಬಿಟ್ಟರೆ ಗಾಡಿ ಚಲಿಸುತ್ತದೆ, ನಿಜ. ನಿಲ್ಲಬೇಕಾದಾಗ ಏನಾದೀತೆಂಬುದು ಬೇರೆಯ ಮಾತು. ಹ್ಯಾಂಡ್ ಬ್ರೇಕನ್ನು ಬಿಟ್ಟು, ಮೊದಲನೆಯ ಗೇರು, ರಿವರ್ಸು ಎಂದು ನಿಧಾನವಾಗಿ ಹಿಂದುಮುಂದೆ ಅಲುಗಿಸಿ ನೋಡಬೇಕು. ಮಣಿಯದಿದ್ದರೆ ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಜಾಕಿನಿಂದೆತ್ತಿ, ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಕೂರಿಸಿ, ಗಾಲಿಯನ್ನು ಬಿಚ್ಚಿ, ಡ್ರಮ್ಮಿನ ಸುತ್ತ ಮರದ ಕೊಡತಿಯಿಂದ ಮೆಲ್ಲನೆ ತಟ್ಟಬೇಕು. ಕಬ್ಬಿಣದ ಸುತ್ತಿಗೆ ಸಲ್ಲದು. ಬೀಡುಕಬ್ಬಿಣ ಪೆಟ್ಟಿಗೆ ಬಾಗುವ ಲೋಹವಲ್ಲ, ಬಿರುಕು ಬಿಡುವ ಲೋಹ.

ಹೀಗೆ ಬಿಡಿಸಿದ ಮೇಲೆ ಗಾಲಿ ಕೈಯಲ್ಲಿ ಸರಾಗವಾಗಿ ತಿರುಗಿದರೆ ಅದು ಒಂದು ರಾತ್ರಿಯ ತುಕ್ಕು. ನಾಲ್ಕಾರು ಬಾರಿ ಬ್ರೇಕು ಹಾಕಿದರೆ ಉಜ್ಜಿಹೋಗುತ್ತದೆ. ತೇವದ ಬೆಳಿಗ್ಗೆ ಮೊದಲ ಒಂದೆರಡು ಸಲ ಬ್ರೇಕು ಅತಿಯಾಗಿ ಕಚ್ಚುವುದೂ ಉಂಟು. ಡ್ರಮ್ಮಿನ ತಿರುಗುವಿಕೆಯೇ ಒಂದು ಷೂವನ್ನು ತನ್ನ ಕಡೆಗೆ ಎಳೆದುಕೊಳ್ಳುವುದರಿಂದ, ಮೈ ಒರಟಾದಾಗ ಆ ಸೆಳೆತ ಹೆಚ್ಚುತ್ತದೆ. ಅದಕ್ಕೆ ಹೆದರಬೇಕಾದುದಿಲ್ಲ.

ಹೆದರಬೇಕಾದುದು, ಬಿಡಿಸಿದ ಮೇಲೂ ಗಾಲಿ ಬಿಗಿಯಾಗಿಯೇ ತಿರುಗಿದರೆ. ಆಗ ತಪ್ಪು ಎಲ್ಲಿದೆಯೆಂಬುದನ್ನು ಊಹಿಸದೆ ಕಂಡುಹಿಡಿಯಬಹುದು. ಹ್ಯಾಂಡ್ ಬ್ರೇಕಿನ ಕೇಬಲ್ಲನ್ನು ಬಿಗಿಮಾಡುವ ನಟ್ಟನ್ನು ಸಡಿಲಿಸಿದೊಡನೆ ಗಾಲಿ ಬಿಟ್ಟರೆ ದೋಷ ಕೇಬಲ್ಲಿನದು. ಅದರ ಹೊರಕವಚ ಒಡೆದು, ಕೆಸರುನೀರು ಒಳಹೊಕ್ಕು, ಎಳೆಗಳು ತುಕ್ಕು ಹಿಡಿದಿರುತ್ತವೆ. ಚಾಲಕನ ಕೈ ಬಿಟ್ಟರೂ ಕೇಬಲ್ಲು ಬಿಟ್ಟಿರುವುದಿಲ್ಲ. ಅಂಥದಕ್ಕೆ ಎಣ್ಣೆ ಬಿಡುವುದು ವಾರದ ಸಮಾಧಾನ. ಹೊಸ ಕೇಬಲ್ಲೇ ಮದ್ದು. ಅದರಿಂದ ಬಿಡದೆ, ಗಾಲಿಯ ಹಿಂದಿನ ಬ್ಲೀಡರ್ ನಿಪ್ಪಲ್ಲನ್ನು ತುಸು ತಿರುಗಿಸಿದಾಗ ಎಣ್ಣೆ ಚಿಮ್ಮಿ ಗಾಲಿ ಸಡಿಲವಾದರೆ ಒತ್ತಡ ಒಳಗೇ ಸಿಕ್ಕಿಕೊಂಡಿದೆ: ರಬ್ಬರ್ ಕೊಳವೆ ಒಳಗೆ ಊದಿರಬೇಕು, ಇಲ್ಲವೇ ಮಾಸ್ಟರ್ ಸಿಲಿಂಡರಿನಲ್ಲಿ ತೊಡಕಿರಬೇಕು. ಎರಡರಿಂದಲೂ ಬಿಡದಿದ್ದರೆ ಡ್ರಮ್ಮನ್ನು ತೆಗೆಯದೆ ಗತ್ಯಂತರವಿಲ್ಲ.

ಅನೇಕ ಡ್ರಮ್ಮುಗಳ ಮುಖದಲ್ಲಿ ಮರೆಯುಳ್ಳ ಎರಡು ತೂತುಗಳಿರುತ್ತವೆ. ತಕ್ಕ ಬೋಲ್ಟುಗಳನ್ನು ಅವುಗಳಲ್ಲಿಟ್ಟು ಒಂದಕ್ಕೊಂದು ಸರಿಸಮನಾಗಿ ಬಿಗಿಯುತ್ತ ಹೋದರೆ ಡ್ರಮ್ಮು ತಾನಾಗಿ ಹೊರಕ್ಕೆ ಬರುತ್ತದೆ. ಒಳಗಿನ ಧೂಳನ್ನು ಬಾಯಿಂದ ಊದಲೂ ಬಾರದು, ಗಾಳಿಯ ಪೈಪು ಹಿಡಿಯಲೂ ಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದು ಶ್ವಾಸಕೋಶವನ್ನು ಹೊಕ್ಕರೆ ಹೊರಬಾರದು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯತಕ್ಕದ್ದು. ಎರಡೂ ಕಡೆಯ ಕೆಲಸವನ್ನು ಒಟ್ಟಿಗೆ ಬಿಚ್ಚಿ ಹರಡಿಕೊಳ್ಳದಿರುವುದೂ ಜಾಣತನ. ಯಾವ ಸ್ಪ್ರಿಂಗು ಯಾವ ತೂತಿಗೆ ಎಂಬ ಸಂಶಯ ಬಂದಾಗ ಬಿಚ್ಚದ ಕಡೆಯೇ ಗುರುವಾಗುತ್ತದೆ.

ವೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿಗೆಯನ್ನು ಮೆಲ್ಲನೆ ಎತ್ತಿ ನೋಡಬೇಕು. ಒಳಗೆ ಎಣ್ಣೆ ಕಂಡರೆ ಸೋರಿಕೆ. ಕಂದುಬಣ್ಣದ ಪುಡಿ ಕಂಡರೆ ಪಿಸ್ಟನ್ನಿಗೆ ತುಕ್ಕು. ಎರಡಕ್ಕೂ ಹೊಸ ಸಿಲಿಂಡರನ್ನು ಹಾಕುವುದೇ ಕ್ಷೇಮ. ಜೋತುಬಿದ್ದ ಸ್ಪ್ರಿಂಗುಗಳನ್ನು ಬದಲಾಯಿಸಬೇಕು. ಷೂಗಳು ಜಾರಾಡುವ ಹಿಂದಿನ ತಗಡಿನ ಉಬ್ಬುಗಳಲ್ಲಿ ತೋಡು ಬಿದ್ದಿದ್ದರೆ ಎಮರಿ ಕಾಗದದಿಂದ ನಯಗೊಳಿಸಿ, ಶಾಖ ತಡೆಯುವ ಬ್ರೇಕ್ ಗ್ರೀಸನ್ನು ತಿಲಕದಷ್ಟು ಮಾತ್ರ ಹಚ್ಚಬೇಕು. ಅದು ಲೈನಿಂಗಿಗೆ ತಾಗಿದರೆ ಮಾಡಿದ್ದೆಲ್ಲ ವ್ಯರ್ಥ.

ಡ್ರಮ್ಮಿನ ಸಂದಿಗೆ ಸೀಮೆಎಣ್ಣೆ ಬಿಡುವ ಹಳ್ಳಿಯ ಉಪಾಯವೊಂದುಂಟು. ಹಿಡಿದ ಬ್ರೇಕನ್ನು ಅದು ಬಿಡಿಸೀತು. ಬ್ರೇಕಿಗೆ ಮುಂದೆ ಹಿಡಿಯುವ ಶಕ್ತಿಯೇ ಇಲ್ಲದಂತೆಯೂ ಮಾಡೀತು. ಸಿಲಿಂಡರಿನ ರಬ್ಬರೂ ಅದಕ್ಕೆ ಊದಿಕೊಳ್ಳುತ್ತದೆ.

ಇಷ್ಟೆಲ್ಲ ಗೋಜೇಕೆ, ಗಾಡಿ ಓಡುತ್ತಿದೆಯಲ್ಲ ಎನ್ನುವವರು ಘಾಟಿಯನ್ನು ನೆನೆಯಬೇಕು. ಬಿಗಿಯಾಗಿ ಉಜ್ಜುತ್ತಲೇ ಇರುವ ಡ್ರಮ್ಮು ಕಾಯುತ್ತದೆ. ಆ ಶಾಖ ಸಿಲಿಂಡರಿನೊಳಗಿನ ಎಣ್ಣೆಗೇರುತ್ತದೆ. ಬ್ರೇಕಿನ ಎಣ್ಣೆ ಗಾಳಿಯಿಂದ ನೀರಿನಂಶವನ್ನು ಹೀರುವ ಪದಾರ್ಥ. ಡಾಟ್ 3 ಎಂಬ ದರ್ಜೆಯ ಹೊಸ ಎಣ್ಣೆ 205 ಡಿಗ್ರಿ ಸೆಲ್ಸಿಯಸ್ಸಿನವರೆಗೂ ಕುದಿಯಬಾರದೆಂಬುದು ನಿಯಮ. ನೀರನ್ನು ಹೀರಿದ ಎಣ್ಣೆಗೆ ಅದೇ ಮಿತಿ 140 ಡಿಗ್ರಿ. ಎಣ್ಣೆ ಕುದಿದಲ್ಲಿ ಆವಿ ತುಂಬುತ್ತದೆ, ಆವಿ ಒತ್ತಿದರೆ ಕುಗ್ಗುತ್ತದೆ. ಚಾಲಕನ ಕಾಲು ಪೆಡಲಿನೊಡನೆ ತಳಕ್ಕಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಎಣ್ಣೆಯನ್ನು ಬದಲಿಸಬೇಕೆನ್ನುವುದು ಈ ಕಾರಣಕ್ಕೆ.

ಕೆಲಸ ಮುಗಿಸಿ, ವ್ಯವಸ್ಥೆಯೊಳಗಿನ ಗಾಳಿಯನ್ನು ತೆಗೆದು, ಪೆಡಲು ಗಟ್ಟಿಯಾಗಿದೆಯೆಂದು ಕಂಡ ಮೇಲೆ ಗಾಡಿಯನ್ನು ಸಮತಟ್ಟಾದ ರಸ್ತೆಯಲ್ಲಿ ನಾಲ್ಕೈದು ಕಿಲೋಮೀಟರು ನಡೆಸಬೇಕು. ಹೆಚ್ಚು ಬ್ರೇಕು ಹಾಕದೆ, ತಾನಾಗಿ ನಿಲ್ಲುವಂತೆ ಬಿಟ್ಟು, ಕೆಳಗಿಳಿದು ಎರಡು ಹಿಂಗಾಲಿಗಳ ಬಳಿಗೂ ಅಂಗೈಯ ಹಿಂಬದಿಯನ್ನು ಮುಟ್ಟದಂತೆ ಒಯ್ಯಬೇಕು. ಒಂದರ ಕಾವು ಇನ್ನೊಂದಕ್ಕಿಂತ ಸ್ಪಷ್ಟವಾಗಿ ಹೆಚ್ಚಾಗಿದ್ದರೆ ಆ ಕಡೆಯ ಡ್ರಮ್ಮನ್ನು ಮತ್ತೆ ಬಿಚ್ಚಬೇಕಾಗುತ್ತದೆ. ಸೋಮೇಶ್ವರದ ಪ್ರಯಾಣ ಮರುದಿನಕ್ಕೆ.