ದಿಟ್ಟ ನಿರ್ಧಾರದ ಖರ್ಚು ಯಾರ ಲೆಕ್ಕಕ್ಕೆ?

ನಮ್ಮ ರಾಜಕಾರಣದಲ್ಲಿ ತೀರಾ ಅಗ್ಗವಾಗಿ ಹೋಗಿರೋ ಮಾತು ಯಾವುದು ಅಂದ್ರೆ ‘ದಿಟ್ಟ ನಿರ್ಧಾರ’. ಸರ್ಕಾರ ಏನೋ ಒಂದು ಆದೇಶ ಹೊರಡಿಸುತ್ತೆ. ಎಲ್ಲೋ ನಾಲ್ಕು ಜನ ಟೈರ್ ಸುಡ್ತಾರೆ, ಒಂದು ಬಂದ್ ಆಗುತ್ತೆ. ಮರುದಿನ ಬೆಳಿಗ್ಗೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿರುತ್ತೆ: ವಿರೋಧಕ್ಕೆ ಬಗ್ಗದ ದಿಟ್ಟ ನಾಯಕರಿಗೆ ಅಭಿನಂದನೆಗಳು. ವಿರೋಧ ಬಂತು ಅನ್ನೋದೊಂದೇ ಧೈರ್ಯಕ್ಕೆ ಸಾಕ್ಷಿ ಆಗೋದಾದರೆ ಈ ರಾಜ್ಯದಲ್ಲಿ ಹೇಡಿಗಳೇ ಇಲ್ಲ ಬಿಡಿ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಆ ನಿರ್ಧಾರದಿಂದ ಕಳೆದುಕೊಂಡವರು ಯಾರು? ಎದುರಿನವರೋ, ನಿರ್ಧಾರ ಮಾಡಿದವರ ಸ್ವಂತದವರೋ?

ನಾನು ಕೂಡ್ಲಿಗಿ ಕಡೆಯವಳು. ಆದ್ದರಿಂದ ನಮ್ಮ ಕಡೆಯ ಉದಾಹರಣೆಯನ್ನೇ ತಗೋತೀನಿ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಬಳ್ಳಾರಿ ಜಿಲ್ಲೆ ಒಂದಾಗಿದ್ದಾಗ ಇವಕ್ಕೆಲ್ಲ ಸೇರಿಸಿ ಇದ್ದ ಹೆಸರು ‘ಪಶ್ಚಿಮ ತಾಲ್ಲೂಕುಗಳು’. ಬಳ್ಳಾರಿ ಅಂದರೆ ಬೆಂಗಳೂರಿನ ಗೆಳೆಯರಿಗೆ ನೆನಪಾಗೋದು ಅದಿರು, ಲಾರಿ, ಕೆಂಪು ಧೂಳು, ದುಡ್ಡು. ನಮ್ಮ ಕಡೆ ಇರೋದು ಮಳೆ ನಂಬಿದ ಮೆಕ್ಕೆಜೋಳ, ಶೇಂಗಾ, ಹಡಗಲಿ ಮಲ್ಲಿಗೆ, ಬತ್ತಿದ ಬೋರ್‌ವೆಲ್, ಮತ್ತೆ ಬೆಂಗಳೂರಿಗೆ ಹೊರಡೋ ರಾತ್ರಿ ಬಸ್ಸು. ಜಿಲ್ಲಾ ಕಚೇರಿಯಲ್ಲಿ ಒಂದು ಸಹಿ ಬೇಕಿದ್ದರೂ ಇಡೀ ದಿನದ ಕೂಲಿ ಬಿಟ್ಟು ಬಳ್ಳಾರಿಗೆ ಹೋಗಬೇಕಿತ್ತು.

2020ರ ನವೆಂಬರ್‌ನಲ್ಲಿ ಯಡಿಯೂರಪ್ಪ ಸರ್ಕಾರದ ಸಂಪುಟ ವಿಜಯನಗರ ಜಿಲ್ಲೆಗೆ ಒಪ್ಪಿಗೆ ಕೊಟ್ಟಿತು. 2021ರ ಫೆಬ್ರವರಿಯಲ್ಲಿ ಆದೇಶ ಬಂತು. ಅದೇ ವರ್ಷ ಅಕ್ಟೋಬರ್ 2ರಂದು ಮುಖ್ಯಮಂತ್ರಿ ಬೊಮ್ಮಾಯಿ ಬಂದು ಉದ್ಘಾಟನೆ ಮಾಡಿದರು. ಹೊಸಪೇಟೆ ಮತ್ತು ಈ ಐದು ತಾಲ್ಲೂಕು ಸೇರಿ ರಾಜ್ಯದ 31ನೇ ಜಿಲ್ಲೆ ಆಯಿತು. ಬಳ್ಳಾರಿಯಲ್ಲಿ ಬಂದ್ ನಡೆಯಿತು, ಆಡಳಿತ ಪಕ್ಷದವರೇ ಆದ ಸೋಮಶೇಖರ ರೆಡ್ಡಿ ವಿರೋಧಿಸಿದರು. ಆಮೇಲೆ ನಿಮಗೆ ಗೊತ್ತಲ್ಲ, ಫ್ಲೆಕ್ಸ್.

ಜಿಲ್ಲೆ ಆಗಬಾರದಿತ್ತು ಅಂತ ನಾನು ಹೇಳ್ತಿಲ್ಲ. ಆಗಬೇಕಿತ್ತು, ಆಗಿದ್ದು ಒಳ್ಳೇದೇ. ಕೂಡ್ಲಿಗಿಯಿಂದ ಹೊಸಪೇಟೆಗೆ ನೇರ ಹೆದ್ದಾರಿ ಇದೆ, ಬೆಳಿಗ್ಗೆ ಹೋದರೆ ಮಧ್ಯಾಹ್ನಕ್ಕೆ ವಾಪಸ್ ಬರಬಹುದು. ನನ್ನ ತಕರಾರು ಇರೋದು ಅದನ್ನು ‘ಧೈರ್ಯ’ ಅಂತ ಕರೆಯೋದರ ಬಗ್ಗೆ.

ಹೊಸಪೇಟೆಯ ಶಾಸಕ ಆನಂದ್ ಸಿಂಗ್ 2019ರ ಜುಲೈನಲ್ಲಿ ಕಾಂಗ್ರೆಸ್ಸಿನಿಂದ ಗೆದ್ದಿದ್ದ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಹಾಗೆ ರಾಜೀನಾಮೆ ಕೊಟ್ಟವರಿಂದಲೇ ಸರ್ಕಾರ ಬದಲಾಯಿತು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಅವರು ಬಿಜೆಪಿಯಿಂದ ಗೆದ್ದು ಮಂತ್ರಿಯಾದರು. ಹೊಸ ಜಿಲ್ಲೆ ಅವರ ಬೇಡಿಕೆ. ಬೇಡಿಕೆ ಇಟ್ಟವರ ಊರೇ ಜಿಲ್ಲಾ ಕೇಂದ್ರ ಆಯಿತು. ನಕ್ಷೆ ತೆರೆದು ನೋಡಿ: ಹೊಸಪೇಟೆ ಜಿಲ್ಲೆಯ ಈಶಾನ್ಯದ ಮೂಲೆಯಲ್ಲಿದೆ, ಹರಪನಹಳ್ಳಿ ಎದುರು ತುದಿಯಲ್ಲಿ. ಹೆಚ್ಚುಕಮ್ಮಿ ನಡುವೆ ಇರೋದು ಹಗರಿಬೊಮ್ಮನಹಳ್ಳಿ. ಹೊಸಪೇಟೆಗೆ ರೈಲು ಇದೆ, ಹಂಪಿ ಇದೆ, ಅಣೆಕಟ್ಟು ಇದೆ, ಒಪ್ಪೋಣ. ಆದರೆ ಇರೋ ದೊಡ್ಡ ಊರಿಗೇ ಇನ್ನಷ್ಟು ಕೊಡೋದಕ್ಕೆ ಎದೆಗಾರಿಕೆ ಯಾಕೆ ಬೇಕು?

‘2023ರಲ್ಲಿ ಅವರು ಸೋತರಲ್ಲ, ಬೆಲೆ ಕಟ್ಟಿದ ಹಾಗಾಗಲಿಲ್ವಾ?’ ಅಂತ ಕೇಳಬಹುದು. ಹೌದು, ಹೊಸಪೇಟೆಯಲ್ಲಿ ಆನಂದ್ ಸಿಂಗ್ ಅವರ ಮಗ ಸೋತರು. ಇಡೀ ಜಿಲ್ಲೆಯಲ್ಲಿ ಬಿಜೆಪಿ ಗೆದ್ದದ್ದು ಹಡಗಲಿ ಒಂದನ್ನೇ. ಆದರೆ ಲಾಭಕ್ಕೆ ಅಂತ ಹಾಕಿದ ಬೆಳೆ ಕೈಕೊಟ್ಟರೆ ಅದು ನಷ್ಟ. ಅದನ್ನು ಯಾರೂ ತ್ಯಾಗ ಅನ್ನಲ್ಲ.

ಈ ಗೆರೆ ಎಳೆಯೋ ಆಟದಲ್ಲಿ ಹರಪನಹಳ್ಳಿಯ ಕಥೆ ಕೇಳಿ. 1997ರಲ್ಲಿ ಜೆ.ಎಚ್. ಪಟೇಲರು ಏಳು ಹೊಸ ಜಿಲ್ಲೆ ಮಾಡಿದಾಗ ಈ ತಾಲ್ಲೂಕನ್ನು ಬಳ್ಳಾರಿಯಿಂದ ತೆಗೆದು ದಾವಣಗೆರೆಗೆ ಹಾಕಿದರು. ದೂರದ ಲೆಕ್ಕದಲ್ಲಿ ಸರಿಯೇ ಇತ್ತು. ದಾವಣಗೆರೆ ಐವತ್ತು ಕಿಲೋಮೀಟರ್ ಒಳಗೆ, ಬಳ್ಳಾರಿ ನೂರಕ್ಕೂ ಹೆಚ್ಚು. ಆಮೇಲೆ 2012ರ ಕೊನೆಗೆ ಸಂಸತ್ತು 371ಜೆ ವಿಧಿಗೆ ಒಪ್ಪಿಗೆ ಕೊಟ್ಟಿತು. ಬಳ್ಳಾರಿಯೂ ಸೇರಿ ಆಗಿನ ಹೈದರಾಬಾದ್ ಕರ್ನಾಟಕಕ್ಕೆ ಓದು ಮತ್ತು ಉದ್ಯೋಗದಲ್ಲಿ ಮೀಸಲಾತಿ ಸಿಕ್ಕಿತು. ದಾವಣಗೆರೆಯಲ್ಲಿದ್ದ ಹರಪನಹಳ್ಳಿ ಹೊರಗುಳಿಯಿತು. ಪಕ್ಕದ ಹಡಗಲಿಯ ಹುಡುಗನಿಗೆ ಮೆಡಿಕಲ್ ಸೀಟು, ಹರಪನಹಳ್ಳಿಯ ಹುಡುಗಿಗೆ ಇಲ್ಲ. ಜನ ವರ್ಷಗಟ್ಟಲೆ ಹೋರಾಡಿ 2018ರಲ್ಲಿ ಮತ್ತೆ ದೂರದ ಬಳ್ಳಾರಿಯನ್ನೇ ಸೇರಿದರು. ಮೂರು ವರ್ಷದಲ್ಲಿ ಮತ್ತೆ ಹೊಸ ಜಿಲ್ಲೆ. ಊರು ಕದಲಲೇ ಇಲ್ಲ, ವಿಳಾಸ ಮಾತ್ರ ಮೂರು ಸಲ ಬದಲಾಯಿತು. ಜನ ಕೇಳ್ತಿದ್ದದ್ದು ಸೀಟು, ಕೆಲಸ, ತಮ್ಮ ಮಾತು ಕೇಳೋ ಒಂದು ಆಡಳಿತ. ಪ್ರತಿ ಸಲವೂ ಅವರಿಗೆ ಸಿಕ್ಕಿದ್ದು ಬೇರೆ ಊರಿನ ಕಚೇರಿ.

ಹಾಗಾದರೆ ಧೈರ್ಯ ಅಂದರೆ ಯಾವುದು? ಅದಕ್ಕೂ ನಮ್ಮ ನೆಲದ ಇತಿಹಾಸದಲ್ಲೇ ಉತ್ತರ ಇದೆ.

1953ರ ಅಕ್ಟೋಬರ್ 1ರವರೆಗೆ ನಾವು ಮದ್ರಾಸ್ ರಾಜ್ಯದಲ್ಲಿದ್ದೆವು. ಆಂಧ್ರ ಬೇರೆಯಾದ ದಿನ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಆಗ ಮೈಸೂರಿನ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ. ಕನ್ನಡ ನಾಡೆಲ್ಲ ಒಂದಾಗಲಿ ಅನ್ನೋದಕ್ಕೆ ಅತಿ ಹೆಚ್ಚು ಅಪಸ್ವರ ಬಂದದ್ದು ಅವರ ಹಳೇ ಮೈಸೂರಿನಲ್ಲೇ, ಅವರ ಪಕ್ಷದವರಿಂದಲೇ, ಅವರದೇ ಸಮುದಾಯದ ಮುಖಂಡರಿಂದಲೇ. ಉತ್ತರದವರು ಬಂದರೆ ನಮ್ಮ ಕೈಯಲ್ಲಿರೋ ಅಧಿಕಾರ ಹೋಗುತ್ತೆ ಅನ್ನೋ ಭಯ ಅದು, ಸುಳ್ಳು ಭಯವೂ ಅಲ್ಲ. ಹನುಮಂತಯ್ಯನವರಿಗೆ ಈ ಲೆಕ್ಕ ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಏಕೀಕರಣದ ಪರ ನಿಂತರು. 1956ರ ಆಗಸ್ಟ್‌ನಲ್ಲಿ ಅವರ ಕುರ್ಚಿ ಹೋಯಿತು. ಅದೊಂದೇ ಕಾರಣ ಅಲ್ಲ, ವಿಧಾನಸೌಧದ ಖರ್ಚಿನ ಗಲಾಟೆಯೂ ಇತ್ತು. ಆದರೂ ನವೆಂಬರ್ 1ರಂದು ವಿಶಾಲ ಮೈಸೂರು ಹುಟ್ಟಿದಾಗ ಮುಖ್ಯಮಂತ್ರಿ ಆಗಿದ್ದವರು ಎಸ್. ನಿಜಲಿಂಗಪ್ಪ. ಅವರು ಹುಟ್ಟಿದ್ದು ಎಲ್ಲಿ ಗೊತ್ತಾ? ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನಲ್ಲಿ. ಅಂದರೆ ಹನುಮಂತಯ್ಯ ಬಾಗಿಲು ತೆಗೆದರು, ನಮ್ಮ ಪಶ್ಚಿಮ ತಾಲ್ಲೂಕಿನಲ್ಲಿ ಹುಟ್ಟಿದವರು ಒಳಗೆ ಬಂದು ಆ ಕುರ್ಚಿಯಲ್ಲಿ ಕೂತರು.

ಇನ್ನೊಬ್ಬರು ಅಬ್ದುಲ್ ನಜೀರ್ ಸಾಬ್. ಊರೂರಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಅನ್ನಿಸಿಕೊಂಡವರು. ಹೆಗಡೆ ಸರ್ಕಾರದಲ್ಲಿ ಅವರು ತಂದ 1983ರ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳು ಬಂದವು. ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಜಿಲ್ಲಾ ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಹೆಣ್ಣುಮಕ್ಕಳಿಗೆ ಶೇ. 25 ಸ್ಥಾನ, ಅದೂ ದೇಶಕ್ಕೆಲ್ಲ 73ನೇ ತಿದ್ದುಪಡಿ ಬರುವ ಎಷ್ಟೋ ವರ್ಷ ಮೊದಲು. ಇದರಿಂದ ಕೈ ಖಾಲಿಯಾದದ್ದು ಯಾರದು? ಶಾಸಕರದ್ದು, ಮಂತ್ರಿಗಳದ್ದು, ಅಂದರೆ ನಜೀರ್ ಸಾಬರ ಅಕ್ಕಪಕ್ಕ ಕೂತಿದ್ದವರದ್ದೇ. ತನ್ನ ಕೈಯಲ್ಲಿದ್ದ ಅಧಿಕಾರವನ್ನು ಕೆಳಗೆ ಇಳಿಸಿಕೊಟ್ಟ ಮಂತ್ರಿಯನ್ನು ಅವರ ನಂತರ ಎಷ್ಟು ಜನರನ್ನು ನೋಡಿದ್ದೀರಿ?

ಈಗ ಮತ್ತೆ ನಮ್ಮ ಹೊಸ ಜಿಲ್ಲೆಗೆ ಬನ್ನಿ. ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. ಅವಧಿ ಮುಗಿದದ್ದು 2021ರ ಏಪ್ರಿಲ್–ಮೇ ಹೊತ್ತಿಗೆ. ನಮ್ಮ ಜಿಲ್ಲೆ ಉದ್ಘಾಟನೆ ಆದದ್ದು ಆಮೇಲೆ, ಅಕ್ಟೋಬರ್‌ನಲ್ಲಿ. ಲೆಕ್ಕ ಹಾಕಿ. ವಿಜಯನಗರ ಜಿಲ್ಲಾ ಪಂಚಾಯಿತಿ ಹುಟ್ಟಿದಾಗಿನಿಂದ ನಾನಿದನ್ನು ಬರೆಯುತ್ತಿರುವ 2025ರ ಕೊನೆಯವರೆಗೂ ಅದರಲ್ಲಿ ಜನ ಆರಿಸಿ ಕಳಿಸಿದ ಒಬ್ಬನೇ ಒಬ್ಬ ಸದಸ್ಯ ಕೂತಿಲ್ಲ. ಜಿಲ್ಲೆ ಬಂತು, ಡಿಸಿ ಬಂದರು, ಎಸ್ಪಿ ಬಂದರು, ಬೋರ್ಡು ಬಂತು. ಜನರ ಪ್ರತಿನಿಧಿ ಮಾತ್ರ ಬರಲಿಲ್ಲ.

ಅವಧಿ ಮುಗಿಯೋ ಮೊದಲೇ ಚುನಾವಣೆ ಮುಗಿದಿರಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತೆ. 2021ರಲ್ಲಿ ಬಿಜೆಪಿ ಸರ್ಕಾರ ಕ್ಷೇತ್ರ ವಿಂಗಡಣೆಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಬೇರೆ ಆಯೋಗಕ್ಕೆ ಕೊಟ್ಟಿತು. 2023ರಲ್ಲಿ ಕಾಂಗ್ರೆಸ್ ಬಂತು. ಬಾಕಿ ಎಲ್ಲದರಲ್ಲೂ ಹಾವು ಮುಂಗುಸಿ ಆಡೋ ಇವರು ಇದೊಂದರಲ್ಲಿ ಅಣ್ಣತಮ್ಮಂದಿರು. ಕಾರಣ ಸರಳ. ಸದಸ್ಯರಿಲ್ಲದ ಜಿಲ್ಲಾ ಪಂಚಾಯಿತಿಯಲ್ಲಿ ಯಾವ ಹಳ್ಳಿಗೆ ನೀರು, ಯಾವ ಶಾಲೆಗೆ ಕೋಣೆ, ಯಾವ ರಸ್ತೆಗೆ ಡಾಂಬರು ಅನ್ನೋದನ್ನು ಅಧಿಕಾರಿ, ಶಾಸಕ, ಉಸ್ತುವಾರಿ ಸಚಿವರು ಕೂತು ಮುಗಿಸಬಹುದು. ಗುಡೇಕೋಟೆಯ ಹೆಣ್ಣುಮಗಳೊಬ್ಬಳು ಎದ್ದು ನಿಂತು ‘ನಮ್ಮೂರಿನ ಟ್ಯಾಂಕ್ ಏನಾಯ್ತು ಸಾರ್?’ ಅಂತ ಕೇಳಲ್ಲ. ನಾಳೆ ಅದೇ ಹೆಣ್ಣುಮಗಳು ಶಾಸಕರ ಟಿಕೆಟ್ಟಿಗೆ ಅಡ್ಡ ಬರಲ್ಲ.

‘ಜಿಲ್ಲಾ ಪಂಚಾಯಿತಿ ಅಂದ್ರೆ ಕಂಟ್ರಾಕ್ಟರ್‌ಗಳ ಅಡ್ಡೆ, ಇಲ್ಲದಿದ್ದರೇನೇ ವಾಸಿ’ ಅನ್ನೋರು ಆಫೀಸಿನ ಕ್ಯಾಂಟೀನಿನಲ್ಲಿ ಬೇಕಾದಷ್ಟು ಸಿಗ್ತಾರೆ. ಕಂಟ್ರಾಕ್ಟರ್‌ಗಳು ಎಲ್ಲಿಗೂ ಹೋಗಿಲ್ಲ ಸ್ವಾಮಿ, ಅಲ್ಲೇ ಇದ್ದಾರೆ. ಪ್ರಶ್ನೆ ಕೇಳೋರು ಮಾತ್ರ ಹೋಗಿದ್ದಾರೆ. ಅಂದಹಾಗೆ ನಿಮ್ಮ ಬೆಂಗಳೂರಿನ ಕಾರ್ಪೊರೇಟರ್ ಯಾರು? 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ನಿಮಗೂ ಯಾರೂ ಇಲ್ಲ. ಒಂದು ಪಾಲಿಕೆ ಐದಾಯಿತು. ನಿಮಗೂ ಸಿಕ್ಕಿದ್ದು ಹೊಸ ಗೆರೆ, ಹೊಸ ಬೋರ್ಡೇ. ವೈಟ್‌ಫೀಲ್ಡಿನ ರಸ್ತೆ ಗುಂಡಿಯೂ ಕೊಟ್ಟೂರಿನ ಕೆರೆಯೂ ಒಂದೇ ಕಾಯಿಲೆಯಿಂದ ನರಳ್ತಿವೆ.

ಆದ್ದರಿಂದ ದಿಟ್ಟ ನಿರ್ಧಾರ ಮಾಡೋ ಚಪಲ ಇರೋ ನಾಯಕರಿಗೆ ಕೆಲಸ ಕಾಯ್ತಾ ಇದೆ. ಹೊಸ ಜಿಲ್ಲೆ, ಹೊಸ ತಾಲ್ಲೂಕು, ಹೊಸ ಹೆಸರು ಯಾವುದೂ ಬೇಡ. ಸ್ವಂತ ಪಕ್ಷದ ಶಾಸಕರನ್ನೆಲ್ಲ ಕೂರಿಸಿಕೊಂಡು ‘ಚುನಾವಣೆ ಮಾಡ್ತೀನಿ, ನಿಮ್ಮ ಕೈಯಲ್ಲಿರೋದರಲ್ಲಿ ಅರ್ಧ ಹೋಗುತ್ತೆ, ಸಹಿಸಿಕೊಳ್ಳಿ’ ಅಂತ ಹೇಳಲಿ. ಅದಕ್ಕೆ ಬಳ್ಳಾರಿಯಲ್ಲಿ ಬಂದ್ ಆಗಲ್ಲ, ಟೈರ್ ಸುಡಲ್ಲ. ವಿರೋಧ ಬರೋದು ವಿಧಾನಸೌಧದ ಒಳಗಿಂದ, ಪಕ್ಕದ ಕುರ್ಚಿಯಿಂದ.

ನಾವೂ ಒಂದು ಕೆಲಸ ಮಾಡಬಹುದು. ಹಬ್ಬಕ್ಕೆ ಊರಿಗೆ ಹೋಗ್ತೀವಿ, ಕೊಟ್ಟೂರೇಶ್ವರನ ತೇರಿಗೆ ಹೋಗ್ತೀವಿ, ಮೈಲಾರದ ಕಾರಣಿಕ ಕೇಳೋಕೆ ಹೋಗ್ತೀವಿ. ಅಲ್ಲೆಲ್ಲ ಶಾಸಕರು ಸಿಕ್ಕೇ ಸಿಗ್ತಾರೆ. ಸೆಲ್ಫಿ ತೆಗೆಸಿಕೊಳ್ಳೋ ಮೊದಲು ಒಂದೇ ಮಾತು ಕೇಳಿ: ‘ಜಿಲ್ಲಾ ಪಂಚಾಯಿತಿ ಚುನಾವಣೆ ಯಾವಾಗ ಅಣ್ಣಾ?’